ದೊಡ್ಡ ಮನಸ್ಸು ಅಂದರು

ಪಾತ್ರೆಯಿಂದ ತೆಗೆದುಕೊಂಡ ಕಡುಬನ್ನು ನನ್ನ ಮಗ ಮತ್ತೆ ಪಾತ್ರೆಗೇ ಹಾಕಿದ. ಈ ವಾರವೆಲ್ಲ ಕಣ್ಣ ಮುಂದೆ ಅದೇ ಬರುತ್ತಿದೆ.

ಕೊಡಗಿನ ಆಯುಧ ಪೂಜೆಯ ಹಬ್ಬ, ಕೈಲ್ ಮುಹೂರ್ತದ ಊಟ. ಇವರ, ಅಂದರೆ ನನ್ನ ಎರಡನೇ ಗಂಡನ, ದೊಡ್ಡಪ್ಪನ ಮನೆ, ಚೇರಂಬಾಣೆ ಕಡೆ. ನಾಟಿ ಮುಗಿದಿತ್ತು. ಬೆಳಿಗ್ಗೆಯೇ ಕೋವಿ ಕತ್ತಿಗಳನ್ನು ತೊಳೆದಿಟ್ಟು, ತೋಕ್ ಪೂ ಅನ್ನುವ ಕಾಡುಹೂ ಸಿಕ್ಕಿಸಿ ಪೂಜೆ ಮಾಡಿದ್ದರು. ಮಕ್ಕಳೆಲ್ಲ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಹಸಿದು ಬಂದಿದ್ದರು. ಕಾಚಂಪುಳಿಯ ಹುಳಿರಸ ಬಿದ್ದ ಹಂದಿ ಸಾರಿನ ವಾಸನೆ ಅಂಗಳದವರೆಗೆ ಬರುತ್ತಿತ್ತು. ಇವರ ಮಗಳು ಮೂರು ಕಡುಬು ಹಾಕಿಕೊಂಡು, ಸಾರು ಕಡಿಮೆ ಆಯ್ತು ಅಂತ ಗಲಾಟೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡಳು. ನನ್ನ ಮಗ ಒಂದು ಕಡುಬು ತಿಂದು ಮುಗಿಸಿ, ಎರಡನೆಯದಕ್ಕೆ ಕೈ ಹಾಕಿದ್ದ. ಆಗಲೇ ದೊಡ್ಡಪ್ಪ ಇವರ ಬೆನ್ನು ತಟ್ಟಿ ಹೇಳಿದ್ದು: 'ಬೇರೆಯವರ ಮಗನಿಗೆ ಇಷ್ಟೆಲ್ಲ ಮಾಡೋಕೆ ದೊಡ್ಡ ಮನಸ್ಸು ಬೇಕಪ್ಪಾ.'

ಅಲ್ಲಿಯವರೆಗೆ ತಮ್ಮ ಮನೆಮಾತು ಅರೆಭಾಷೆಯಲ್ಲಿ ಮಾತಾಡುತ್ತಿದ್ದವರು ಇದೊಂದನ್ನು ಮಾತ್ರ ಕನ್ನಡದಲ್ಲಿ ಹೇಳಿದರು. ನಾನು ಸೋಮವಾರಪೇಟೆ ಕಡೆಯವಳು, ನನಗೂ ತಿಳಿಯಲಿ ಅಂತ ಇರಬೇಕು. ದೊಡ್ಡಪ್ಪಾ, ಅರೆಭಾಷೆಯಲ್ಲಿ ಹೇಳಿದ್ದರೂ ನನಗೆ ಅರ್ಥ ಆಗುತ್ತಿತ್ತು.

ಇವರು ನಕ್ಕರು. ಹೊಗಳಿಕೆ ಕೇಳಿದಾಗ ಗಂಡಸರು ನಗುತ್ತಾರಲ್ಲ, ತಲೆ ಸ್ವಲ್ಪ ಬಗ್ಗಿಸಿ, ಹಾಗೆ. ಕಡುಬು ಪಾತ್ರೆಗೆ ಹೋಯಿತು. ಹುಡುಗ ತಟ್ಟೆ ತೊಳೆದು ಬೋರಲು ಹಾಕಿ ಬಂದ. 'ಎಷ್ಟು ಒಳ್ಳೆ ಹುಡುಗ' ಅಂತ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು.

ಒಂದು ವಿಷಯ ಹೇಳಲೇಬೇಕು. ಇವರ ಮಗಳಿಗೆ ನಾನು ಜಡೆ ಹಾಕುತ್ತೇನೆ, ಜ್ವರ ಬಂದರೆ ರಾತ್ರಿ ಎದ್ದು ಕೂರುತ್ತೇನೆ, ಅವಳ ಗಣಿತದ ಜೊತೆ ನಾನೂ ಗುದ್ದಾಡುತ್ತೇನೆ. ನನಗೆ ದೊಡ್ಡ ಮನಸ್ಸು ಅಂತ ಇದುವರೆಗೆ ಒಬ್ಬರೂ ಹೇಳಿಲ್ಲ. ಹೇಳುವುದೂ ಬೇಡ. ಆದರೆ ಅವಳ ಮುಖ ಒಂದು ದಿನ ಬಾಡಿದ್ದರೆ ಸಾಕು, 'ಊಟ ಸರಿಯಾಗಿ ಹಾಕ್ತೀಯಾ?' ಅಂತ ಫೋನ್ ಬರುತ್ತದೆ. ಮಲತಂದೆ ಏನು ಮಾಡಿದರೂ ಉಪಕಾರ. ಮಲತಾಯಿ ಏನು ಮಾಡಿದರೂ ಅನುಮಾನ.

ನಾವಿಬ್ಬರೇ ಕುಶಾಲನಗರದ ಬಾಡಿಗೆ ಮನೆಯಲ್ಲಿದ್ದಾಗ ನನ್ನ ಮಗ ಹೀಗಿರಲಿಲ್ಲ. ಮೊಟ್ಟೆ ಖಾಲಿ ಅಂದರೆ ಲೋಟ ಎಸೆಯುತ್ತಿದ್ದ. ಸಂಜೆ ನಾನು ಬರುವುದು ತಡವಾದರೆ ಬಾಗಿಲು ತೆಗೆಯದೆ ಸತಾಯಿಸುತ್ತಿದ್ದ. 'ಅಪ್ಪ ಇಲ್ಲದ ಮನೆ, ಇನ್ನೇನಾಗುತ್ತೆ' ಅಂತ ಓನರ್ ಹೆಂಗಸು ಕಾಂಪೌಂಡ್ ಆಚೆ ನಿಂತು ಹೇಳುತ್ತಿದ್ದರು. ನಾನು ಎಷ್ಟು ಗಂಟೆಗೆ ಬರುತ್ತೇನೆ, ಯಾರು ಬೈಕಿನಲ್ಲಿ ಬಿಟ್ಟರು, ಎಲ್ಲದಕ್ಕೂ ಅವರ ಹತ್ತಿರ ಲೆಕ್ಕ ಇತ್ತು. ಈಗ ಹುಡುಗ ಸಾಧು ಆಗಿದ್ದಾನೆ. 'ಅಪ್ಪ ಅಂತ ಒಬ್ಬರು ಸಿಕ್ಕಿದ ಮೇಲೆ ದಾರಿಗೆ ಬಂದ' ಅನ್ನುತ್ತಾರೆ. ಕೆಟ್ಟಾಗಲೂ ಅಪ್ಪ ಇಲ್ಲದ್ದಕ್ಕೆ, ನೆಟ್ಟಗಾದಾಗಲೂ ಅಪ್ಪ ಬಂದದ್ದಕ್ಕೆ. ನಡುವೆ ನಾನು ಬದುಕಿಯೇ ಇರಲಿಲ್ಲ ನೋಡಿ.

ಆ ಸಾಧುತನವೇ ನನಗೆ ಸಂಕಟ. ಎದ್ದ ಕೂಡಲೇ ಕಂಬಳಿ ಮಡಚುತ್ತಾನೆ. ಟಿವಿ ಹಾಕುವ ಮುಂಚೆ ಕೇಳುತ್ತಾನೆ. ಜುಲೈ ಮಳೆಯಲ್ಲಿ ಕೊಡೆಯ ಕಡ್ಡಿ ಮುರಿದಿತ್ತು. ಮಡಿಕೇರಿ ಮಳೆ ಹೇಗಿರುತ್ತದೆ ಅಂತ ಗೊತ್ತಲ್ಲ. ಹೊಸ ಕೊಡೆ ಬೇಕು ಅನ್ನುವ ಬದಲು ನೆನೆದುಕೊಂಡೇ ಸ್ಕೂಲಿಗೆ ಹೋಗಿ ಬಂದ. ಸಾಕ್ಸ್ ಒಲೆ ಹತ್ತಿರ ತಾನೇ ಒಣ ಹಾಕುತ್ತಿದ್ದ. ನೆಂಟರ ಮನೆಗೆ ಬಂದವರು ಹೀಗಿರುತ್ತಾರೆ. ಹುಡುಗಿ ಬಾಗಿಲು ದಬಕ್ಕಂತ ಹಾಕಿ 'ನೀವು ನಮ್ಮಮ್ಮ ಅಲ್ಲ' ಅನ್ನುತ್ತಾಳೆ. ಚುರುಕ್ ಅನ್ನುತ್ತದೆ, ನಿಜ. ಆದರೆ ಅವಳಿಗೆ ಇದು ತನ್ನ ಮನೆ ಅಂತ ಸಂಶಯ ಇಲ್ಲ. ಮೈಸೂರಿನಲ್ಲಿರುವ ಅವಳ ಅಮ್ಮನ ಹತ್ತಿರ ರಜೆಗೆ ಹೋದರೂ, ಬಂದು ಬ್ಯಾಗ್ ಬಿಸಾಕುವುದು ಇಲ್ಲಿಯೇ.

ದೊಡ್ಡಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಡುಗನಿಗೆ ಯಾವ ಮನೆ ಹೆಸರು ಹಾಕಿದ್ದೀರಿ ಅಂತಲೂ ಕೇಳಿದರು. ಕೊಡಗಿನಲ್ಲಿ ನಿಮ್ಮ ಹೆಸರಿಗಿಂತ ಮೊದಲು 'ಯಾವ ಮನೆ' ಅಂತ ಕೇಳುವುದು ರೂಢಿ. ಹಿಂದಿನವರು ಇಂಥದ್ದಕ್ಕೆ ದಾರಿ ಯೋಚಿಸಿರಲಿಲ್ಲ ಅಂತಲ್ಲ. ಕೊಡವರಲ್ಲಿ ವಿಧವೆಯ ಮರುಮದುವೆಗೆ ಹಿಂದಿನಿಂದಲೂ ತಡೆ ಇರಲಿಲ್ಲ. ಮಕ್ಕ ಪರಜೆ ಅಂತ ಇನ್ನೊಂದು ಪದ್ಧತಿ, ಅದರಲ್ಲಿ ಮಕ್ಕಳು ತಾಯಿಯ ಒಕ್ಕಕ್ಕೇ, ಅಂದರೆ ಮನೆತನಕ್ಕೇ, ಸೇರುತ್ತಾರೆ. ಸುಪ್ರೀಂ ಕೋರ್ಟ್ 2022ರ ಜುಲೈಯಲ್ಲಿ ಹೇಳಿದ್ದೂ ನನಗೆ ನೆನಪಿದೆ. ಗಂಡ ಸತ್ತ ಮೇಲೆ ಮಗುವಿಗೆ ಯಾವ ಮನೆತನದ ಹೆಸರು ಅಂತ ತಾಯಿ ತೀರ್ಮಾನಿಸಬಹುದು ಅಂದಿತು. ಎರಡನೇ ಗಂಡನನ್ನು ದಾಖಲೆಯಲ್ಲಿ 'ಮಲತಂದೆ' ಅಂತ ಬರೆಸಿ ಎಂದ ಹೈಕೋರ್ಟ್ ಆದೇಶ ಮಗುವಿನ ಮನಸ್ಸಿನ ಮೇಲೆ ಕ್ರೌರ್ಯ ಮಾಡಿದಂತೆಯೇ ಅಂತಲೂ ಅಂದಿತು. ದಾಖಲೆಯಲ್ಲಿ ಬರೆದರೇ ಅಷ್ಟಾದರೆ, ಊಟದ ಹೊತ್ತಲ್ಲಿ ಎಲ್ಲರ ಎದುರು ಬಾಯಿಬಿಟ್ಟು ಹೇಳಿದರೆ?

ದೊಡ್ಡಪ್ಪನ ಚಿಂತೆ ಹೆಸರಿನದಲ್ಲ, ಕಾಫಿ ತೋಟದ್ದು. ಇದು ನನ್ನ ಅಭಿಪ್ರಾಯ, ತಪ್ಪು ಅಂದವರು ಬಂದು ವಾದ ಮಾಡಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಲಮಗ ವಾರಸುದಾರ ಅಲ್ಲ. ಉಯಿಲು ಬರೆಯಬೇಕು, ಇಲ್ಲ ದತ್ತು ತೆಗೆದುಕೊಳ್ಳಬೇಕು. ಹಿಂದೂ ದತ್ತು ಕಾಯ್ದೆಯ ದತ್ತು ಅಂದರೆ ಸಾಮಾನ್ಯವಾಗಿ ಹದಿನೈದು ತುಂಬುವ ಮುಂಚೆ ಆಗಬೇಕು. ದೊಡ್ಡಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. 'ಬೇರೆಯವರ ಮಗ' ಅಂತ ಹೊಗಳಿಕೆಯ ಜೊತೆಯಲ್ಲೇ ಸೇರಿಸಿ ಬೇಲಿ ಹಾಕಿದರು. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಹೊಗಳಿದರೆ ಏನು ಮಾಡುವುದು?

ರಾತ್ರಿ ಇವರನ್ನು ಕೇಳಿದೆ, ಯಾಕೆ ನಕ್ಕಿರಿ ಅಂತ.

'ಹಿರಿಯರು, ಒಳ್ಳೇದೇ ಹೇಳಿದರಲ್ಲ' ಅಂದರು.

ಇವರು ಕೆಟ್ಟವರಲ್ಲ. ಹುಡುಗನ ಫೀಸ್ ಕಟ್ಟಿದ್ದನ್ನು ಒಂದು ದಿನವೂ ಎತ್ತಿ ಆಡಿಲ್ಲ. ಆದರೆ ಇವರು ಆಡದೇ ಇದ್ದದ್ದನ್ನು ಊರವರು ಆಡುತ್ತಾರೆ, ಇವರು ನಗುತ್ತಾರೆ. ಹುಡುಗ ಮಾತ್ರ ಆ ಸಾಲವನ್ನು ಕಂಬಳಿ ಮಡಚಿ ತೀರಿಸುತ್ತಾನೆ. ಇಷ್ಟನ್ನು ಹೇಳಿದ ಮೇಲೆ ಇವರು ತುಂಬ ಹೊತ್ತು ಸುಮ್ಮನಿದ್ದರು.

'ಹಾಗಾದರೆ ಮುಂದಿನ ಸಲ, ಇವನು ನನ್ನ ಮಗನೇ ಅಂತ ಹೇಳಿಬಿಡ್ತೀನಿ.'

ಅದೂ ಬೇಡ ಅಂದೆ. ಅವನಿಗೆ ಅಪ್ಪ ಇದ್ದರು, ಫೋಟೋ ಇದೆ, ನೆನಪಿದೆ. ಇವರನ್ನು ಅವನು ಅಂಕಲ್ ಅಂತಲೇ ಕರೆಯುತ್ತಾನೆ. ದೊಡ್ಡಪ್ಪನ ಬಾಯಿ ಮುಚ್ಚಿಸಲು ಅವನ ಅಪ್ಪನನ್ನು ಯಾಕೆ ಅಳಿಸಬೇಕು?

'ಮತ್ತೆ ಏನು ಹೇಳಲಿ?'

'ಏನೂ ಹೇಳಬೇಡಿ. ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿ.'

ಸುಗ್ಗಿ ಹಬ್ಬ ಹುತ್ತರಿಗೆ ಇನ್ನೂ ಟೈಮ್ ಇದೆ, ಯೋಚನೆ ಮಾಡಲಿ. ದತ್ತು, ಉಯಿಲು ಎಲ್ಲ ಆಮೇಲೆ. ಅದನ್ನೂ ಮೊದಲು ಹುಡುಗನನ್ನೇ ಕೇಳಬೇಕು.

ನಿನ್ನೆ ಸಂಜೆ ರಿಮೋಟಿಗೆ ಜಗಳ ಶುರುವಾಯಿತು ಅಂದುಕೊಂಡು ನಾನು ಅಡುಗೆ ಮನೆಯಲ್ಲೇ ಕಿವಿ ಕೊಟ್ಟು ನಿಂತೆ. ಇವನು 'ತಗೋ' ಅಂತ ಕೊಟ್ಟುಬಿಟ್ಟ. ಹುಡುಗಿ ಸಿಟ್ಟಲ್ಲಿ ನನ್ನ ಹತ್ತಿರ ಬಂದಳು. 'ಇವನ ಜೊತೆ ಜಗಳ ಆಡೋಕೂ ಆಗಲ್ಲ. ಬರೀ ಬೋರು. ಏನಾದ್ರೂ ಹೇಳಿ ಇವನಿಗೆ.'

ಇಡೀ ಕುಟುಂಬದಲ್ಲಿ ನನಗೆ ಕಂಡದ್ದು ಕಂಡಿರುವುದು ಇವಳೊಬ್ಬಳಿಗೇ.

'ನೀನೇ ಕಲಿಸಮ್ಮ' ಅಂದೆ.

'ಟ್ಯೂಷನ್ ಫೀಸ್ ಕೊಡ್ತೀರಾ?' ಅಂದಳು.