ಹೊಗೆಯ ಗುರುತು

ಬಸುರಿಯರು ಸಿಗರೇಟು ಸೇದಿದರೆ ಮಗುವಿನ ತೂಕ ಕಮ್ಮಿಯಾಗುತ್ತದೆ ಅಂತ ಗೊತ್ತಿತ್ತು. ಆದರೆ ಹುಟ್ಟುವ ಮಗುವಿನ ಡಿಎನ್‌ಎ ಮೇಲೂ ಅದರ ಗುರುತು ಉಳಿಯುತ್ತದಂತೆ! ಜೀನ್ ಬದಲಾಗುವುದಿಲ್ಲ. ಡಿಎನ್‌ಎಗೆ ಅಂಟಿಕೊಂಡಿರುವ ಮೀಥೈಲ್ ಅನ್ನುವ ಪುಟ್ಟ ಗುರುತುಗಳು ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಮ್ಮಿ ಆಗುತ್ತವೆ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದರಲ್ಲಿ ಇವುಗಳ ಕೈವಾಡವೂ ಇರುತ್ತದೆ. 2016ರಲ್ಲಿ 6,685 ಶಿಶುಗಳ ರಕ್ತದ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಇಂಥ ವ್ಯತ್ಯಾಸ 6,000ಕ್ಕೂ ಹೆಚ್ಚು ಜಾಗಗಳಲ್ಲಿ ಸಿಕ್ಕಿತು. ಎಎಚ್‌ಆರ್‌ಆರ್ ಅನ್ನುವ ಜೀನ್‌ನಲ್ಲಂತೂ ಎದ್ದು ಕಾಣುತ್ತದೆ, ಹೊಗೆಯ ವಿಷವನ್ನು ದೇಹ ನಿಭಾಯಿಸುವ ವ್ಯವಸ್ಥೆಗೆ ಸೇರಿದ ಜೀನ್ ಅದು. ಕೆಲವು ಗುರುತು ಮಗು ಶಾಲೆಗೆ ಹೋಗುವ ವಯಸ್ಸಿನಲ್ಲೂ ಇರುತ್ತವೆ. ಹಾಗಂತ ಗುರುತು ಇದ್ದರೆ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ, ಸುಮ್ನೆ ಹೆದರಬೇಡಿ.

ನಮ್ಮ ಹಾಸನದ ಕಡೆ ಹೆಂಗಸರು ಸೇದುವುದು ಅಪರೂಪ, ನಿಜ. ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆದು ಹೊಟ್ಟೆ ಹೊರೆಯುವವರನ್ನು ಬೈಯುವುದೂ ನನ್ನ ಉದ್ದೇಶವಲ್ಲ. ಆದರೆ ಬಸುರಿ ಪಕ್ಕದಲ್ಲೇ ಕೂತು ಬೀಡಿ ಹಚ್ಚುವ ಗಂಡಸರು ಎಷ್ಟು ಜನ ಬೇಕು, ಅಲ್ವಾ? ಆ ಹೊಗೆಯೂ ಅವಳಿಗೆ ಒಳ್ಳೆಯದಲ್ಲ. ಮುಂದಿನ ವಾರ ನಮ್ಮ ಮನೆಯಲ್ಲಿ ಸೀಮಂತ. ಮಾವಂದಿರೇ, ಬೀಡಿ ಕಟ್ಟು ಊರಲ್ಲೇ ಬಿಟ್ಟು ಬನ್ನಿ, ಈಗಲೇ ಹೇಳಿದ್ದೇನೆ.