ಗೂಸ್ ಫೇರ್‌ನಲ್ಲಿ ಮರದ ಕುದುರೆಗಳ ಕೆಳಗೆ ನೋಡಿದ್ದು

ನಾನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ರ ಒಂದು ಫ್ಯಾಕ್ಟರೀಲಿ ಮೆಂಟೆನೆನ್ಸ್ ಎಂಜಿನಿಯರ್. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನನ್ನ ಕೈಯಾರೆ ಒಂದು ಪಂಪ್ ಹಾಳಾಯ್ತು, ಅದಾದ ಎರಡು ಮೂರು ವಾರಕ್ಕೆ ಆ ಊರಿನ ಜಾತ್ರೆ ಗೂಸ್ ಫೇರ್‌ಗೆ ಹೋಗಿದ್ದೆ, ಇವೆರಡೂ ನನ್ನ ತಲೇಲಿ ಒಂದೇ ಕತೆ ಆಗ್ಬಿಟ್ಟಿದೆ.

ಪಂಪ್ ವಿಷ್ಯ ಮೊದ್ಲು. ಫ್ಲೋರ್ ರಿಪೇರಿಗೆ ಅಂತ ಪಂಪು ಮೋಟ್ರು ಎರಡನ್ನೂ ಬೇಸ್‌ಫ್ರೇಮ್ ಸಮೇತ ಎತ್ತಿ ಪಕ್ಕಕ್ಕಿಟ್ಟು, ಕಾಂಕ್ರೀಟ್ ಕೆಲಸ ಮುಗಿದ್ಮೇಲೆ ವಾಪಸ್ ಅದೇ ಜಾಗಕ್ಕೆ ಕೂರಿಸಿದ್ವಿ. ಮಟ್ಟ ಸರಿ ಮಾಡೋಕೆ ಕಾಲಿನ ಕೆಳಗೆ ಇಡೋ ತೆಳು ತಗಡು, ಅಂದ್ರೆ ಶಿಮ್‌ಗಳಿಗೆಲ್ಲ ಮಾರ್ಕ್ ಮಾಡಿಟ್ಟಿದ್ದೆ, ಯಾವ ಕಾಲಿನ ಕೆಳಗೆ ಯಾವುದಿತ್ತೋ ಅದನ್ನೇ ಹಾಕ್ದೆ, ಬೋಲ್ಟ್ ಬಿಗಿ ಮಾಡ್ದೆ, ಶುಕ್ರವಾರ ಸಂಜೆಗೆ ಲೈನ್ ಶುರು ಆಗ್ಬೇಕಿತ್ತು, ಪಂಪು ಮೋಟ್ರು ಒಂದೇ ನೇರಕ್ಕಿವೆ ಅಂತ ಹಳೇ ಶೀಟಲ್ಲಿ ರೀಡಿಂಗ್ ಚೆನ್ನಾಗೇ ಇದ್ಯಲ್ಲ ಅಂತ, ಸಣ್ಣ ವ್ಯತ್ಯಾಸಾನೂ ತೋರಿಸೋ ಡಯಲ್ ಗೇಜ್ ಹಾಕಿ ಮತ್ತೆ ಅಳೀಲೇ ಇಲ್ಲ. ಹನ್ನೊಂದು ದಿನಕ್ಕೆ ಮೋಟ್ರನ್ನ ಪಂಪಿಗೆ ಜೋಡಿಸೋ ಕಪ್ಲಿಂಗ್‌ನ ರಬ್ಬರ್ ಪುಡಿಪುಡಿ, ಬೇರಿಂಗ್ ಮುಟ್ಟೋಕಾಗದಷ್ಟು ಬಿಸಿ. ಹೊಸ ನೆಲ ಹಳೇದರಷ್ಟು ಸಮ ಇರ್ಲಿಲ್ಲ, ಫ್ರೇಮ್ ತಿರುಚ್ಕೊಂಡು ಮೋಟರಿನ ಒಂದು ಕಾಲು ಸರಿಯಾಗಿ ಕೂತೇ ಇರ್ಲಿಲ್ಲ, ಸಾಫ್ಟ್ ಫುಟ್ ಅಂತೀವಲ್ಲ ಅದೇ.

ಗೂಸ್ ಫೇರ್ ಎಷ್ಟು ಹಳೇದು ಅಂದ್ರೆ 1284ರ ರಾಜ ಸನದಿನಲ್ಲೇ ಈ ಜಾತ್ರೆಯ ಪ್ರಸ್ತಾಪ ಇದೆ. ಊರ ಮಧ್ಯದ ಮಾರ್ಕೆಟ್ ಸ್ಕ್ವೇರ್‌ನಲ್ಲಿ ನಡೀತಿದ್ದದ್ದು 1928ರಲ್ಲಿ ಫಾರೆಸ್ಟ್ ರಿಕ್ರಿಯೇಷನ್ ಗ್ರೌಂಡ್‌ಗೆ ಬಂತು, ಕೋವಿಡ್‌ಗೆ 2020, 2021ರಲ್ಲಿ ನಿಂತಿತ್ತು. ಅಕ್ಟೋಬರ್ ಅಂದ್ರೆ ಮಳೆ, ಚಳಿ, ಕಾಲಡಿ ಒದ್ದೆ ಎಲೆ. ಜನ ಬರೋಕೆ ಮುಂಚೇನೇ ಹೋಗ್ಬಿಟ್ಟಿದ್ದೆ ನಾನು.

ಗ್ಯಾಲಪರ್ಸ್ ಹತ್ರ ನಿಂತ್ಕೊಂಡೆ, ಅಂದ್ರೆ ಹಳೇ ಕಾಲದ ಮರದ ಕುದುರೆಗಳ ರೈಡು. ಸಾಲಿಗೆ ಮೂರು ಕುದುರೆ, ಹಿತ್ತಾಳೆ ಕಂಬ, ಮೇಲ್ಗಡೆ ಇರೋ ಕ್ರ್ಯಾಂಕ್ ತಿರುಗಿದ ಹಾಗೆಲ್ಲ ಕುದುರೆ ಮೇಲೆ ಕೆಳಗೆ ಆಗತ್ತೆ, ಎಂಥ ಚೆಂದದ ಮೆಕ್ಯಾನಿಸಮ್ ಅಂತೀರಿ! ಕಿಂಗ್ಸ್ ಲಿನ್‌ನ ಫ್ರೆಡರಿಕ್ ಸ್ಯಾವೇಜ್ ಅನ್ನೋರು 19ನೇ ಶತಮಾನದಲ್ಲಿ ಇಂಥ ಸ್ಟೀಮ್ ರೈಡ್‌ಗಳಿಗೆ ದೊಡ್ಡ ಹೆಸರು.

ಆದ್ರೆ ಅವತ್ತು ನನ್ನ ಕಣ್ಣು ಹೋಗಿದ್ದು ಕೆಳಗೆ. ಇಡೀ ರೈಡು ಮಧ್ಯದ ಒಂದು ಗಾಡಿಯಿಂದ ಸುತ್ತಲೂ ಬಿಚ್ಕೊಳತ್ತೆ, ಅದು ಮಟ್ಟ ಇಲ್ದಿದ್ರೆ ಮಿಕ್ಕಿದ್ದೆಲ್ಲ ಸೊಟ್ಟ, ಅದಕ್ಕೆ ಅಡಿಗೆ ಮರದ ತುಂಡುಗಳನ್ನ ಪೇರಿಸಿರ್ತಾರೆ. ವಯಸ್ಸಾದ ಒಬ್ಬರು ಬಗ್ಗಿ ಬಗ್ಗಿ ಒಂದೊಂದೇ ತುಂಡು ನೋಡ್ತಾ, ಲೆವೆಲ್ ಇಟ್ಟು, ಅಲ್ಲಲ್ಲಿ ಬೆಣೆ ಹೊಡೀತಾ ಸುತ್ತು ಬರ್ತಿದ್ರು. ನಿನ್ನೆ ಓಡಿದ ರೈಡ್ ತಾನೇ, ಇವತ್ತು ಮತ್ತೆ ಯಾಕೆ ಅಂತ ಕೇಳ್ದೆ. ನಿನ್ನೆ ರಾತ್ರಿ ಪೂರ್ತಿ ಜನ ಕೂತಿದ್ರು, ಆಮೇಲೆ ಮಳೆ ಬಂತು, ನೆಲ ಎಲ್ಲಾದ್ರೂ ಇಳಿದಿರತ್ತೆ ಅಂದ್ರು, ಅಷ್ಟೇ, ಕೆಲಸ ಮುಂದುವರಿಸಿದ್ರು.

ಇಲ್ಲಿ ರೈಡ್‌ಗಳಿಗೆ ವರ್ಷಕ್ಕೊಮ್ಮೆ ಹೊರಗಿನ ಇನ್‌ಸ್ಪೆಕ್ಟರ್ ಬಂದು ನೋಡಿ ಸರ್ಟಿಫಿಕೇಟ್ ಆಗತ್ತೆ, 12 ತಿಂಗಳಿಗಿಂತ ಜಾಸ್ತಿ ನಡೆಯಲ್ಲ. ಆ ಕಾಗದಕ್ಕೆ ಇವತ್ತು ಬೆಳಗ್ಗೆ ಈ ಮೂಲೆಯ ಮಣ್ಣು ಹೇಗಿದೆ ಅಂತ ಗೊತ್ತಿರಲ್ಲ, ಅದನ್ನ ರೈಡ್ ನಡೆಸೋರೇ ದಿನಾ ನೋಡ್ಬೇಕು. ನನ್ನ ಹಳೇ ರೀಡಿಂಗ್ ಶೀಟೂ ಅದೇ ಥರದ ಕಾಗದ, ಕಿತ್ತು ಜೋಡಿಸಿದ ಗಳಿಗೆಗೇ ಅದರ ಆಯಸ್ಸು ಮುಗಿದಿತ್ತು. ವಾರಕ್ಕೊಂದು ಊರಲ್ಲಿ ಇಡೀ ಮೆಷಿನ್ ಬಿಚ್ಚಿ ಕಟ್ಟೋರಿಗೆ ಇದು ಉಸಿರಾಟದಷ್ಟು ಸಹಜ, ವರ್ಷಗಟ್ಲೆ ಒಂದೇ ಕಡೆ ನಿಂತಿರೋ ಮೆಷಿನ್ ನೋಡಿ ನೋಡಿ ನಂಗೆ ಮರ್ತೇ ಹೋಗಿತ್ತು.

ಸೋಮವಾರ ಹೋದ ತಕ್ಷಣ ಮೇಲಿನವರ ಹತ್ರ ಮಾತಾಡಿ ಜಾಬ್ ಕಾರ್ಡ್‌ನಲ್ಲಿ ಒಂದು ಕಾಲಂ ಸೇರಿಸಿದ್ವಿ: ಕೂರಿಸಿದ ಮೇಲಿನ ಹೊಸ ರೀಡಿಂಗ್, ಅದು ಖಾಲಿ ಇದ್ರೆ ಸ್ಟಾರ್ಟ್ ಇಲ್ಲ. ಹೋದ ವಾರ ಒಂದು ಬ್ಲೋವರ್‌ಗೆ, ಅಂದ್ರೆ ಗಾಳಿ ಊದೋ ಮೆಷಿನ್‌ಗೆ, ಸರ್ವಿಸ್ ಆಯ್ತು, ಪ್ರೊಡಕ್ಷನ್‌ನವರು ಫೋನ್ ಮೇಲೆ ಫೋನ್, ಆದ್ರೂ ನಮ್ಮ ಹುಡುಗ ಗೇಜ್ ಹಾಕ್ದ. ಹಿಂದಿನ ಎಡಗಾಲು 0.2 ಮಿಮೀ ಎತ್ತಿತ್ತು. ಶಿಮ್ ಹಾಕಿ, ಮತ್ತೆ ಅಳೆದು, ಆಮೇಲೆ ಸ್ಟಾರ್ಟ್ ಮಾಡಿದ್ವಿ.