ಚೆಲ್ಲಿಬಿಡ್ಲಾ ಮೇಡಂ?

"ಬಣ್ಣ ಕೆಟ್ಟೋಯ್ತು. ಚೆಲ್ಲಿಬಿಡ್ಲಾ ಮೇಡಂ?"

ನಮ್ಮ ಲ್ಯಾಬ್ ಅಟೆಂಡರ್ ಮಂಗಳವಾರ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ.

ಎಂ.ಎಸ್ಸಿ. ಮಕ್ಕಳಿಂದ ಪಾಲಿಅನಿಲೀನ್ ಅನ್ನೋ, ಕರೆಂಟ್ ಹರಿಸುವ ಪ್ಲಾಸ್ಟಿಕ್ ಮಾಡಿಸುತ್ತಿದ್ದೆ. ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅನಿಲೀನ್, ಬೀಕರ್ ಸುತ್ತ ಐಸ್, ಮೇಲಿಂದ ಹನಿಹನಿಯಾಗಿ ಅಮೋನಿಯಂ ಪರ್‌ಸಲ್ಫೇಟ್. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ತಿಳಿನೀಲಿ, ಕಡುನೀಲಿ, ಕೊನೆಗೆ ಪಾಚಿಯಂಥ ಹಸಿರು ಮಡ್ಡಿ.

"ಬೇಡ, ನಮಗೆ ಬೇಕಿರೋದೇ ಅದು" ಅಂದೆ. ಅವರು ನಂಬಲಿಲ್ಲ. ಹುಡುಗರು ಫೋಟೋ ತೆಗೆದು, "ಇದು ಎಕ್ಸಾಮ್‌ಗೆ ಬರುತ್ತಾ?" ಅಂದರು. ಬೀಕರನ್ನು ನಿಜವಾಗಿ ನೋಡಿದ್ದು ಅಟೆಂಡರ್ ಒಬ್ಬರೇ.

ಸೋಸಿ, ತೊಳೆದು, ಒಣಗಿಸಿದ ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಮಲ್ಟಿಮೀಟರ್ ಇಟ್ಟೆವು. ಕರೆಂಟ್ ಹರಿಯಿತು. ಪಾಲಿಮರ್ ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಇರುತ್ತವೆ. ಆಸಿಡ್ ಸೇರಿದಾಗ ಅದರುದ್ದಕ್ಕೂ ಚಾರ್ಜ್ ಓಡಾಡುತ್ತದೆ. ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದು ಹತ್ತಿರ ಹಿಡಿಯಲು ಹೇಳಿದೆ. ಅಮೋನಿಯಾ ಆ ಆಸಿಡ್ಡನ್ನು ಕಿತ್ತುಕೊಳ್ಳುತ್ತದೆ. ರೆಸಿಸ್ಟೆನ್ಸ್ ಏರಿತು, ಹಸಿರು ಬಿಲ್ಲೆ ನೀಲಿಗೆ ತಿರುಗಿತು.

"ಮೀಟರ್ ಯಾಕೆ ಮೇಡಂ? ಬಣ್ಣಾನೇ ಹೇಳ್ತದಲ್ಲ!" ಅಂದರು ಅಟೆಂಡರ್. ಪಾಲಿಅನಿಲೀನ್‌ನಿಂದ ಅಮೋನಿಯಾ ಸೆನ್ಸರ್ ಮಾಡುವವರ ಯೋಚನೆಯೂ ಇದೇ ಅಲ್ವಾ?

1967ರಲ್ಲಿ ಟೋಕಿಯೊದಲ್ಲಿ ರಸಾಯನ ವಿಜ್ಞಾನಿ ಶಿರಾಕಾವಾ ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲೂ ಹೀಗೊಂದು ಪಾತ್ರೆ ಇತ್ತು. ಕೊರಿಯಾದಿಂದ ಬಂದಿದ್ದ ಸಂಶೋಧಕರೊಬ್ಬರು ಪಾಲಿಅಸಿಟಿಲೀನ್ ಅನ್ನೋ ಇನ್ನೊಂದು ಪಾಲಿಮರ್ ಮಾಡುವಾಗ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಸಾವಿರ ಪಟ್ಟು ಜಾಸ್ತಿ ಹಾಕಿದರು. ಕಪ್ಪು ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಹಾಳೆ ಬಂತು. ಅಲ್ಲೂ ಯಾರಾದರೂ ಚೆಲ್ಲಿಬಿಡ್ಲಾ ಅಂತ ಕೇಳಿದ್ದರಾ? ಶಿರಾಕಾವಾ ಅದರ ಬೆನ್ನುಬಿದ್ದರು. ಮುಂದೆ ಅಮೆರಿಕದಲ್ಲಿ ವಿಜ್ಞಾನಿಗಳಾದ ಮ್ಯಾಕ್‌ಡಿಯಾರ್ಮಿಡ್, ಹೀಗರ್ ಜೊತೆ ಸೇರಿ ಅಂಥ ಹಾಳೆಗೆ ಅಯೋಡಿನ್ ಆವಿ ತಾಗಿಸಿದರು. ವಿದ್ಯುತ್ ವಾಹಕತೆ ಕೋಟಿ ಪಟ್ಟು ಏರಿತು. 2000ದಲ್ಲಿ ಮೂವರಿಗೂ ನೊಬೆಲ್ ಬಂತು.

ಕೊರಿಯಾದವರು? ಕಥೆ ಹೇಳುವವರ ಬಾಯಲ್ಲಿ ಅವರು ಬರೀ 'ಅಳತೆ ತಪ್ಪಿದ ಒಬ್ಬರು'. ಹೆಸರು ಹೇಳುವವರೇ ಕಮ್ಮಿ. ನನಗಿದು ಸರಿ ಕಾಣುವುದಿಲ್ಲ. ಕೈಯಾರೆ ಮಾಡಿದವರು ಅವರೇ ತಾನೆ?

ರೆಕಾರ್ಡ್ ಬುಕ್‌ನಲ್ಲಿ ಅಮೋನಿಯಾದ ಸಾಲಿನ ಪಕ್ಕ ಅಟೆಂಡರ್ ಹೆಸರು ಬರೆಯಲು ಹೇಳಿದ್ದೇನೆ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಏನಂದ್ಕೋತಾರೋ ಅಂತ ನಮ್ಮ ಟಾಪರ್‌ಗೆ ಚಿಂತೆ. ಅಂದ್ಕೊಳ್ಳಲಿ.